ಹೆಡ್‌ಕ್ಲರ್ಕರಿಗೆ ಅನುಮತಿ ಇಲ್ಲ

ಕಚೇರಿಯ ಕಂಪ್ಯೂಟರಿನಲ್ಲಿ ಯಾವ ಫೋಲ್ಡರನ್ನು ಯಾರು ತೆರೆಯಬಹುದು ಎಂದು ನೋಡಿಕೊಳ್ಳುವುದು ನನ್ನ ಕೆಲಸ. ಕೇಳಲಿಕ್ಕೆ ಸಪ್ಪೆ, ಆದರೆ ನಗದೆ ಮನೆಗೆ ಹೋದ ದಿನ ನೆನಪಿಲ್ಲ. ನಮ್ಮದು ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲು ಮಾರುವ ಅಂಗಡಿ. ಸೇಡಂ, ವಾಡಿ, ಚಿಂಚೋಳಿಯಲ್ಲಿ ಶಾಖೆಗಳಿವೆ.

೧. ಡಬ್ಬಿಯ ಸೊಕ್ಕು

ಸಿಬ್ಬಂದಿಯನ್ನು ಗುಂಪು ಮಾಡಿ, ಲೆಕ್ಕದ ಫೋಲ್ಡರನ್ನು ಲೆಕ್ಕದ ಗುಂಪಿಗೆ, ಮಾರಾಟದ್ದನ್ನು ಮಾರಾಟದ ಗುಂಪಿಗೆ ಕೊಟ್ಟೆ. ಮರುದಿನ ಹೆಡ್‌ಕ್ಲರ್ಕರು ಕೆಂಡಾಮಂಡಲವಾಗಿ ಬಂದರು. ಮಾರಾಟದ ಫೋಲ್ಡರ್ ಒತ್ತಿದರೆ 'ನಿಮಗೆ ಅನುಮತಿ ಇಲ್ಲ' ಎಂದು ಬಂದಿತ್ತಂತೆ.

"ಈ ಆಫೀಸಿಗಿ ಮೊದಲನೇ ಕುರ್ಚಿ ತಂದಾಂವ ನಾ. ನಿನ್ನೆ ಬಂದ ಡಬ್ಬಿ ನನಗ ಅನುಮತಿ ಇಲ್ಲ ಅಂತದೇನ್ರಿ?"

ಪಾಪ ಅನಿಸಿತು. ಎಲ್ಲ ಗುಂಪಿಗೂ ಸೇರಿಸಿದೆ. ಆಮೇಲೆ ಅವರು ಒಂದು ಫೋಲ್ಡರನ್ನೂ ಮುಟ್ಟಲಿಲ್ಲ. ಯಾಕೆಂದು ಕೇಳಿದೆ.

"ತೆರೀಲಾಕ ಯಾರಿಗಿ ಬೇಕಾಗ್ಯದ? ತಡೀಬಾರದು, ಅಷ್ಟೇ."

೨. ಕೇಳಿದವರಿಗೆಲ್ಲ

ಯಾವ ಶಾಖೆಯವರು ಫೋನ್ ಮಾಡಿದರೂ ಹೆಡ್‌ಕ್ಲರ್ಕರು ತಮ್ಮ ಪಾಸ್‌ವರ್ಡ್ ಹೇಳಿಬಿಡುತ್ತಿದ್ದರು. "ಕೇಳಿದವರಿಗಿ ಇಲ್ಲ ಅನ್ಲಾಕ ಬರ್ತದೇನ್ರಿ?" ಎನ್ನುವರು.

ಒಂದು ದಿನ ಕಲ್ಲಿನ ದರದ ಫೈಲು ಮಾಯ. ಅಳಿಸಿದವರು ಹೆಡ್‌ಕ್ಲರ್ಕರು, ಅದೂ ಚಿಂಚೋಳಿಯಿಂದ ಎಂದು ಕಂಪ್ಯೂಟರ್ ಸಾಕ್ಷಿ ಹೇಳಿತು. ಆ ಹೊತ್ತಿಗೆ ಅವರು ಶಹಾಬಾದಿನಲ್ಲಿ ನನ್ನೆದುರೇ ಕುಳಿತು ಮಂಡಕ್ಕಿಯ ಸುಸಲಾ ತಿನ್ನುತ್ತಿದ್ದರು. ಫೈಲಿನ ಪ್ರತಿ ನನ್ನ ಬಳಿ ಇತ್ತು ನಿಜ. ಆದರೂ ಮ್ಯಾನೇಜರ್ ಸಾಹೇಬರು ಅವರನ್ನು ಎಲ್ಲ ಗುಂಪಿನಿಂದ ತೆಗೆಸಿದರು.

ಹೆಡ್‌ಕ್ಲರ್ಕರು ತಟ್ಟೆ ಪಕ್ಕಕ್ಕಿಟ್ಟರು. "ಹಂಗಾದ್ರ ನಾ ಯಾವ ಗುಂಪಿನಾಗೂ ಇಲ್ಲ. ಗಿರಾಕಿಗಾದ್ರೂ ದರ ತೋರಸ್ತೀವಿ, ನನಗ ಅದೂ ಇಲ್ಲ."

೩. ಚಂದ್ರಂಪಳ್ಳಿಯ ಫೋಟೊ

ಅವರ ನಿವೃತ್ತಿ ಹತ್ತಿರವಿತ್ತು. ಹೊರಗಿನವರ ಹಾಗೆ ಕಳಿಸಲು ನನಗೆ ಮನಸ್ಸಾಗಲಿಲ್ಲ. ನಾವೆಲ್ಲ ಚಂದ್ರಂಪಳ್ಳಿ ಡ್ಯಾಮಿಗೆ ಹೋದಾಗಿನ ಫೋಟೊಗಳನ್ನು ಒಂದು ಫೋಲ್ಡರಿಗೆ ಹಾಕಿ, ಅದಕ್ಕೊಂದು ಗುಂಪು ಮಾಡಿದೆ. ಯಾರನ್ನು ಸೇರಿಸಬೇಕು, ಯಾರಿಗೆ ಎಷ್ಟು ಅನುಮತಿ ಎನ್ನುವ ಅಧಿಕಾರ ಹೆಡ್‌ಕ್ಲರ್ಕರಿಗೇ ಕೊಟ್ಟೆ. ಅವರು ಎಲ್ಲ ಶಾಖೆಯವರನ್ನೂ ಕರೆಕರೆದು ಸೇರಿಸಿಕೊಂಡರು, ಒಬ್ಬರನ್ನು ಬಿಟ್ಟು.

ಒಂದು ಮಧ್ಯಾಹ್ನ ಮ್ಯಾನೇಜರ್ ದಡದಡ ಬಂದರು. ಅವರು ನೀರಿಗೆ ಜಾರಿ ಬಿದ್ದು, ಒದ್ದೆ ಬನಿಯನ್ನಿನಲ್ಲಿ ನಿಂತ ಫೋಟೊ ನೋಡಿ ಸೇಡಂನಿಂದ ವಾಡಿವರೆಗೆ ಎಲ್ಲರೂ ನಗುತ್ತಿದ್ದರು. ಅಳಿಸಬೇಕೆಂದರೆ ಸಾಹೇಬರಿಗೆ ಫೋಲ್ಡರೇ ತೆರೆಯುತ್ತಿಲ್ಲ.

"ಮ್ಯಾನೇಜರ್ ನಾ! ನನಗೇ ಅನುಮತಿ ಇಲ್ಲ ಅಂತದಲ್ರಿ ಇದು!"

ನಾನು ಹೆಡ್‌ಕ್ಲರ್ಕರ ಕಡೆ ಕೈ ತೋರಿಸಿದೆ. ಅವರು ಖುಷಿಯಿಂದ ಕುರ್ಚಿ ಎಳೆದು, ಸುಸಲಾದ ತಟ್ಟೆ ಮುಂದೆ ಸರಿಸಿದರು.

"ಬರ್ರಿ ಸಾಹೇಬ್ರ, ಕುಂದ್ರಿ, ತಿನ್ರಿ. ಕೇಳಿದವರಿಗಿ ನಾ ಇಲ್ಲ ಅನ್ನಂಗಿಲ್ಲ. ಎಷ್ಟು ಬೇಕಷ್ಟು ನೋಡ್ರಿ. ಅಳಸ್ಲಾಕ ಮಾತ್ರ ಅನುಮತಿ ಇಲ್ಲ."