ಹಾಡು ಕೇಳಲು ಇಲ್ಲಿ ಒತ್ತಿ

ನನ್ನ ಊಟದ ಡಬ್ಬಿಯಲ್ಲಿ ತಳ ಹತ್ತಿದ ಬೇಳೆ ಬರತೊಡಗಿ ಕೆಲವು ತಿಂಗಳಾಗಿದ್ದವು. ಮೊದಲು ಇದನ್ನು ಆಕಸ್ಮಿಕ ಎಂದುಕೊಂಡೆ. ಆಮೇಲೆ ಅಲಕ್ಷ್ಯ ಎಂದುಕೊಂಡೆ. ಕಡೆಗೆ, ಇದು ನನ್ನ ಕಲೆಯ ವಿರುದ್ಧ ನನ್ನ ಹೆಂಡತಿ ತ್ರಿಶಲಾ ಹೂಡಿರುವ ಶೀತಲ (ವಾಸನೆಯ ಪ್ರಕಾರ ಅಷ್ಟೇನೂ ಶೀತಲವಲ್ಲದ) ಸಮರ ಎಂಬ ತೀರ್ಮಾನಕ್ಕೆ ಬಂದೆ. ಗೋಕಾಕದ ಕಚೇರಿಯಲ್ಲಿ ಮಧ್ಯಾಹ್ನ ನಾನು ಡಬ್ಬಿ ಬಿಚ್ಚಿದೊಡನೆ ಪಕ್ಕದ ಮೇಜಿನವರು ಎದ್ದು ಕಿಟಕಿ ತೆರೆಯುತ್ತಿದ್ದರು. ನಾನು ಏನೂ ಆಗದವನಂತೆ ರೊಟ್ಟಿ ಮುರಿಯುತ್ತಿದ್ದೆ. ಕಲಾವಿದರು ಇಂಥವನ್ನೆಲ್ಲ ನುಂಗಿಕೊಂಡೇ ಬಾಳಬೇಕಾಗುತ್ತದೆ.

ನಾನು ಕಲಾವಿದ ಎಂಬುದು ನಿಮಗೆ ತಿಳಿದಿರಲಿಕ್ಕಿಲ್ಲ. ತಿಳಿಯಲಿ ಎಂದೇ ಇಷ್ಟೆಲ್ಲ ಮಾಡಿದ್ದು. ಹೆಸರು ವೃಷಭ, ಊರು ಮೂಡಲಗಿ. ಹೊಟ್ಟೆಪಾಡು ಗೋಕಾಕದ ಒಂದು ಕಚೇರಿಯ ಆವಕ-ಜಾವಕ ವಿಭಾಗದಲ್ಲಿ (ಕಚೇರಿಯ ಹೆಸರು ಹೇಳಿದರೆ ನಾಳೆಯೇ ಮೆಮೊ ಬರುತ್ತದೆ). ಬಂದ ಕಾಗದಕ್ಕೆ ನಂಬರು ಹಾಕಿ ಬೇರೆ ಮೇಜಿಗೆ ದಾಟಿಸುವುದು ನನ್ನ ಕೆಲಸ. ಇಡೀ ಸರ್ವಿಸಿನಲ್ಲಿ ಒಂದು ಕಾಗದವನ್ನೂ ನನ್ನ ಮೇಜಿನ ಮೇಲೆ ಸಂಜೆಯತನಕ ಉಳಿಸಿಕೊಂಡವನಲ್ಲ. ಈ ಮಾತು ಜ್ಞಾಪಕದಲ್ಲಿರಲಿ, ಮುಂದೆ ಬೇಕಾಗುತ್ತದೆ.

ಬೆಳಿಗ್ಗೆ ಸ್ನಾನ ಮಾಡಿ, ಬಸದಿಗೆ ಹೋಗಿಬಂದು, ಗೋಕಾಕದ ಬಸ್ಸಿನ ಹೊತ್ತಾಗುವವರೆಗೆ ಪಡಸಾಲೆಯಲ್ಲಿ ಹಾರ್ಮೋನಿಯಂ ಮುಂದೆ ಕೂತು ಮೂರು-ನಾಲ್ಕು ಹಾಡು ಹಾಡುವುದು ನನಗೆ ಮದುವೆಗೂ ಮುಂಚಿನ ಅಭ್ಯಾಸ. ಎಲ್ಲವೂ ನಾನೇ ಕಟ್ಟಿ ನಾನೇ ರಾಗ ಹಾಕಿದ ಸ್ತುತಿಗಳು. ತ್ರಿಶಲಾ ಆಗ ಒಳಗೆ ಅಡುಗೆಮನೆಯಲ್ಲಿರುತ್ತಿದ್ದಳು. ಇಷ್ಟು ವರ್ಷದಲ್ಲಿ ಒಮ್ಮೆಯೂ ಹೊರಗೆ ಬಂದು ಚಲೋ ಆಯಿತೆಂದವಳಲ್ಲ, ಸಾಕು ಮಾಡಿರೆಂದವಳೂ ಅಲ್ಲ. ಬೈದಿದ್ದರೆ ಕೇಳಿಸಿಕೊಂಡಳು ಎಂಬ ಸಮಾಧಾನವಾದರೂ ಇರುತ್ತಿತ್ತು.

ಹೀಗಿರುವಾಗ ಎರಡು ಸಾವಿರದ ಎಂಟನೇ ಇಸವಿಯ ಮಳೆಗಾಲದಲ್ಲಿ ತ್ರಿಶಲಾಳ ತಮ್ಮ ಆಬಾಸಾಹೇಬ ಸಂಕೇಶ್ವರದಿಂದ ಬಂದ. ಬೆಲ್ಲದ ವ್ಯಾಪಾರದಲ್ಲಿ ದುಡ್ಡು ಮಾಡಿದವನು. ಹೊಸ ಮನೆ ಏಳುತ್ತಿತ್ತು, ದೀಪಾವಳಿ ಮುಗಿದ ಮೇಲೆ ವಾಸ್ತುಶಾಂತಿ. ಅಕ್ಕನ ಮನೆಗೆ ಎಲ್ಲರಿಗಿಂತ ಮೊದಲು ಹೇಳಲು ಬಂದಿದ್ದ. ನಾನು ಗಂಟಲು ಸರಿಮಾಡಿಕೊಂಡು, ಆ ಸಂಜೆ ಏನಾದರೂ ಸಂಗೀತ ಗಿಂಗೀತ ಉಂಟೋ ಹೇಗೆ ಎಂದು ಕೇಳಿದೆ.

"ಐತ್ರಿ ದಾಜೀ. ಕೊಲ್ಹಾಪುರದಾಂವಗ ಹೇಳೇನಿ. ಇಂಟರ್‌ನೆಟ್‌ನ್ಯಾಗ ಅಂವನ ಹಾಡ ಕೇಳಿದೆ, ಭಾರಿ ಹಾಡ್ತಾನ. ನೀವು ಮುಂದ ಬಂದ ಕುಂಡ್ರಬೇಕ ಮತ್ತ."

ದಾಜಿ, ಅಂದರೆ ಅಕ್ಕನ ಗಂಡ, ಹಾಡುತ್ತಾನೆ ಎಂಬ ಸಂಗತಿ ಅವನ ತಲೆಗೆ ಬರಲೇ ಇಲ್ಲ. ಹತ್ತು ಹೆಜ್ಜೆ ಆಚೆ ಹಾರ್ಮೋನಿಯಂ ಇತ್ತು. ಅದರ ಮೇಲೆ ಅವನು ತನ್ನ ಟೊಪ್ಪಿಗೆ ಇಟ್ಟಿದ್ದ. ನನಗೆ ಬಹಳ ನೋವಾಯಿತು, ಸುಮ್ಮನೆ ಹೇಳುವುದಲ್ಲ. ಅವನು ಹೋದ ಮೇಲೆ ಪ್ರತಿಜ್ಞೆ ಮಾಡಿದೆ: ವಾಸ್ತುಶಾಂತಿಯೊಳಗೆ ನನ್ನ ನಾದವನ್ನು ಅಂತರ್ಜಾಲವೆಂಬ ಮಹಾಸಾಗರಕ್ಕೆ ಬಿಡಬೇಕು, ಆ ಸಂಜೆ ಮಾವನ ಮನೆಯವರೆಲ್ಲ ತಾವಾಗಿ ನನ್ನನ್ನು ಹಾಡಲು ಕೂರಿಸಬೇಕು.

ಮೂಡಲಗಿಯಲ್ಲಿ ಹಣಮಂತ ಎಂಬವರು ಝೆರಾಕ್ಸ್ ಅಂಗಡಿಯ ಹಿಂಭಾಗದಲ್ಲಿ ಕಂಪ್ಯೂಟರುಗಳನ್ನಿಟ್ಟು ಇಂಟರ್‌ನೆಟ್ ನಡೆಸುತ್ತಿದ್ದರು. ಸಂಜೆ ಕರೆಂಟು ಇರುತ್ತಿರಲಿಲ್ಲ. ಇದ್ದರೆ ಬೆಳಿಗ್ಗೆ. ಹೀಗಾಗಿ ನಾನು ಬಸದಿಯಿಂದ ನೇರವಾಗಿ ಅಲ್ಲಿಗೆ ಹೋಗತೊಡಗಿದೆ. ಮನೆಗೆ ಬಂದು ಡಬ್ಬಿ ಎತ್ತಿಕೊಂಡು ಓಡುವಷ್ಟೇ ಸಮಯ ಉಳಿಯುತ್ತಿತ್ತು. ಹಾರ್ಮೋನಿಯಂ ಸ್ವಲ್ಪ ದಿನ ವಿಶ್ರಾಂತಿ ತೆಗೆದುಕೊಳ್ಳಲಿ ಎಂದು ಬಿಟ್ಟೆ. ಸಂಗೀತದ ಪ್ರಚಾರ ಮಾಡುವವನಿಗೆ ಸಂಗೀತಕ್ಕೆ ಸಮಯ ಎಲ್ಲಿ?

ಹಣಮಂತ ತಾಳ್ಮೆಯ ಮನುಷ್ಯರು. ಆರ್ಕುಟ್‌ನಲ್ಲಿ ನನ್ನದೊಂದು ಖಾತೆ ತೆರೆಸಿದರು, ಯೂಟ್ಯೂಬ್‌ನಲ್ಲಿ ಒಂದು. ಪುಕ್ಕಟೆ ಸಿಗುವ ಜಾಗದಲ್ಲಿ ಒಂದು ವೆಬ್‌ಸೈಟೂ ಆಯಿತು. ಅದರ ನೆತ್ತಿಯ ಮೇಲೆ 'ನಾದತಪಸ್ವಿ ವೃಷಭ' ಎಂದು ಬರೆಸಿದೆ (ಬಿರುದು ಕೊಟ್ಟವರು ಯಾರೆಂದು ಹಣಮಂತ ಕೇಳಲಿಲ್ಲ). ಇನ್ನು ಹಾಡು. ಅವರ ಮೊಬೈಲಿನಲ್ಲಿ ನನ್ನದೊಂದು ಸ್ತುತಿಯನ್ನು ಹಿಡಿದು ಏರಿಸಲು ಕೂತೆವು. ಪರದೆಯ ಮೇಲೆ ಒಂದು ಪಟ್ಟಿ ಬಸವನ ಹುಳುವಿನ ಹಾಗೆ ತುಂಬುತ್ತ ಹೋಗುತ್ತಿತ್ತು, ಅರ್ಧಕ್ಕೆ ಬರುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಮರುದಿನ ಮತ್ತೆ ಮೊದಲಿನಿಂದ. ಹೀಗೇ ಒಂದು ವಾರ ಹೋಯಿತು.

"ಸರ್, ಹಾಡ ಯಾವಾಗರ ಹಾಕಿದ್ರಾತು," ಎಂದರು ಹಣಮಂತ. "ಮೊದಲ ಲಿಂಕ್ ಮಾಡಿ ಮುಗಸೂಣ್ರಿ. ಇದನ್ನ ಒತ್ತಿದ್ರ ಅಲ್ಲಿಗಿ ಹೋಗಬೇಕು, ಅದನ್ನ ಒತ್ತಿದ್ರ ಇಲ್ಲಿಗಿ ಬರಬೇಕು. ಯಾವ ಬಾಗಲದಾಗ ಬಂದ್ರೂ ಮನಶ್ಯಾ ನಿಮ್ಮನ್ನ ಬಿಟ್ಟ ಹೋಗಬಾರದು."

ಈ ವಿದ್ಯೆ ನನಗೆ ತಕ್ಷಣ ಹಿಡಿಸಿತು. ಜೀವನವಿಡೀ ಮಾಡಿದ್ದು ಇದನ್ನೇ ಅಲ್ಲವೇ. ವೆಬ್‌ಸೈಟಿನಲ್ಲಿ ದಪ್ಪಕ್ಷರದಲ್ಲಿ 'ಹಾಡು ಕೇಳಲು ಇಲ್ಲಿ ಒತ್ತಿ' ಎಂದು ಹಾಕಿ ಯೂಟ್ಯೂಬ್‌ಗೆ ಜೋಡಿಸಿದೆ. ಯೂಟ್ಯೂಬಿನ ಪುಟದಲ್ಲಿ 'ಹಾಡುಗಳಿಗಾಗಿ ಆರ್ಕುಟ್ ನೋಡಿ' ಎಂದು ಬರೆದೆ. ಆರ್ಕುಟ್‌ನಲ್ಲಿ 'ಹಾಡುಗಳಿಗಾಗಿ ನನ್ನ ವೆಬ್‌ಸೈಟಿಗೆ ದಯಮಾಡಿಸಿ' ಎಂದು ವಿನಂತಿಸಿದೆ. ಒಂದಕ್ಕೊಂದು ಅಕ್ಕರೆಯಿಂದ ಕೈ ತೋರಿಸುತ್ತಿದ್ದ ಆ ವ್ಯವಸ್ಥೆ ನೋಡಿ ನನ್ನ ಸರ್ವಿಸು ಸಾರ್ಥಕವಾಯಿತು ಎನಿಸಿತು.

ಹಾಡನ್ನು ಮರೆತೆವೆಂದಲ್ಲ. ಒಂದು ಮುಂಜಾನೆ ಆ ಪಟ್ಟಿ ಇನ್ನೇನು ತುಂಬಿತು ಎನ್ನುವಾಗ ಕರೆಂಟು ಹೋಯಿತು. ಇಷ್ಟು ಹೋಗಿದೆಯೆಂದರೆ ಉಳಿದದ್ದು ತಾನೇ ಹೋಗಿರುತ್ತದೆ ಎಂದು ಇಬ್ಬರೂ ಒಪ್ಪಿ ಎದ್ದೆವು. ಜಾವಕಕ್ಕೆ ಹಾಕಿದ ಕಾಗದ ಮುಟ್ಟಿತೋ ಇಲ್ಲವೋ ಎಂದು ನಮ್ಮ ಕಚೇರಿಯಲ್ಲಿ ಯಾರೂ ಬೆನ್ನು ಹತ್ತಿ ಹೋಗುವುದಿಲ್ಲ. ಕೇಳಿ ನೋಡೋಣವೆಂದರೆ ಹಣಮಂತರ ಕಂಪ್ಯೂಟರಿಗೆ ಸ್ಪೀಕರ್ ಇರಲಿಲ್ಲ.

ವೆಬ್‌ಸೈಟಿನ ಬುಡದಲ್ಲಿ ಎಷ್ಟು ಜನ ಬಂದರೆಂದು ಎಣಿಸುವ ಒಂದು ಪುಟ್ಟ ಮೀಟರಿತ್ತು. ದಿನಾ ಬೆಳಿಗ್ಗೆ ಹೋಗಿ ನೋಡುವುದು, ಸಮಾಧಾನವಾಗದೆ ಮತ್ತೆ ಮತ್ತೆ ನೋಡುವುದು. ನೋಡಿದಾಗಲೆಲ್ಲ ಅಂಕಿ ಏರಿರುತ್ತಿತ್ತು. ಇವತ್ತೂ ಬಹಳ ಜನ ಬಂದಿದ್ದರು ಎಂದು ಒಮ್ಮೆ ಮನೆಯಲ್ಲಿ ಹೇಳಿದೆ. ತ್ರಿಶಲಾ ಬಾಗಿಲ ಕಡೆ ನೋಡಿ, "ಯಾರೂ ಬಂದಿಲ್ಲಲ್ರೀ, ನಾ ಇಲ್ಲೇ ಅದೇನಿ," ಎಂದಳು. ಅರಸಿಕರೊಡನೆ ವಾದ ಮಾಡಬಾರದೆಂದು ಡಬ್ಬಿ ಎತ್ತಿಕೊಂಡು ಹೊರಟೆ. ಆಮೇಲೊಮ್ಮೆ ಹಣಮಂತ ಹುಕ್ಕೇರಿಗೆ ಮದುವೆಗೆ ಹೋಗಿದ್ದರಿಂದ ಅಂಗಡಿ ಮುಚ್ಚಿತ್ತು. ತೆರೆದ ದಿನ ನೋಡಿದರೆ ಅಂಕಿ ಇದ್ದಲ್ಲೇ ಇತ್ತು. ನಾನು ಊರಲ್ಲಿದ್ದೂ ಅಂಗಡಿಗೆ ಬರಲಿಲ್ಲವೆಂಬುದು ಅಭಿಮಾನಿಗಳಿಗೆ ಹೇಗೆ ತಿಳಿಯಿತು ಎಂದು ಬೆರಗಾದೆ. (ನೀವು ಆಗಲೇ ನಗುತ್ತಿದ್ದೀರಿ. ಆ ಮೀಟರು ನನ್ನನ್ನೇ ಎಣಿಸುತ್ತಿತ್ತೆಂದು ನನಗೆ ಹೊಳೆದದ್ದು ಬಹಳ ತಡವಾಗಿ.)

ಈ ನಡುವೆ ಆರ್ಕುಟ್‌ನಲ್ಲಿ ಆಬಾಸಾಹೇಬನ ಸಂದೇಶ ಬಂತು. ದಾಜಿಯ ಸೈಟ್ ನೋಡಿದನಂತೆ, ಫೋಟೋ ಭಾರಿ ಬಂದಿದೆಯಂತೆ, ವಾಸ್ತುಶಾಂತಿಯ ದಿನ ಎಲ್ಲ ಬೀಗರೆದುರು ಹಚ್ಚಿ ತೋರಿಸುತ್ತಾನಂತೆ. ನಾನು ಅಂದೇ ಹೊಸ ಜುಬ್ಬಾ ಹೊಲಿಯಲು ಕೊಟ್ಟೆ.

ವಾಸ್ತುಶಾಂತಿಯ ದಿನ ಹುಕ್ಕೇರಿ ನಿಲ್ದಾಣದಲ್ಲಿ ಸಂಕೇಶ್ವರದ ಬಸ್ಸಿಗೆ ಕಾಯುತ್ತಿರುವಾಗ ತ್ರಿಶಲಾ ನಮ್ಮ ಚೀಲಗಳನ್ನೆಲ್ಲ ಒಮ್ಮೆ ನೋಡಿ ಕೇಳಿದಳು:

"ಪೇಟಿ ತರಲಿಲ್ಲಲ್ರೀ?"

ಹಾರ್ಮೋನಿಯಮ್ಮಿನ ವಿಚಾರ ಅವಳಾಗಿ ಎತ್ತಿದ್ದು ಅದೇ ಮೊದಲು. ನಾನು ಕನಿಕರದಿಂದ ನಕ್ಕೆ. "ಪೇಟಿ ಹೊತಗೊಂಡ ತಿರಗೂ ಕಾಲ ಹೋತು. ಎಲ್ಲಾ ಇಂಟರ್‌ನೆಟ್‌ನ್ಯಾಗ ಐತಿ," ಎಂದೆ.

ಹೊತ್ತು ಮುಳುಗುವುದರೊಳಗೆ ಊಟ ಮುಗಿದು, ಹೊಸ ಮನೆಯ ಹಾಲ್‌ನಲ್ಲಿ ಜಮಖಾನೆ ತುಂಬಿತು. ಒಂದು ಬದಿಗೆ ಕೊಲ್ಹಾಪುರದ ಗಾಯಕ ತನ್ನ ಪೇಟಿ, ತಬಲಾದವನೊಂದಿಗೆ ಸುಮ್ಮನೆ ಕೂತಿದ್ದ. ಆಬಾಸಾಹೇಬ ಕಂಪ್ಯೂಟರಿನ ಮೇಲಿನ ಕಸೂತಿ ಬಟ್ಟೆ ತೆಗೆದು, ಮೊದಲು ನಮ್ಮ ದಾಜಿಯ ಹಾಡು ಕೇಳೋಣ ಎಂದು ಸಾರಿದ. ನಾನು ಹೊಸ ಜುಬ್ಬಾದ ತೋಳು ಸರಿಮಾಡಿಕೊಂಡೆ. ಪರದೆಯ ಮೇಲೆ ನನ್ನ ಫೋಟೋ ಬಂತು, ಎಲ್ಲರೂ ತಲೆದೂಗಿದರು. ಆಬಾಸಾಹೇಬ 'ಹಾಡು ಕೇಳಲು ಇಲ್ಲಿ ಒತ್ತಿ'ಯನ್ನು ಒತ್ತಿದ. ಯೂಟ್ಯೂಬ್ ತೆರೆದು, ಆರ್ಕುಟ್‌ಗೆ ಹೋಗಿ ಎಂದಿತು. ಹೋದ. ಆರ್ಕುಟ್ ಬಹಳ ವಿನಯದಿಂದ, ವೆಬ್‌ಸೈಟಿಗೆ ದಯಮಾಡಿಸಿ ಎಂದಿತು. ದಯಮಾಡಿಸಿದ. ಮತ್ತೆ ನನ್ನ ಫೋಟೋ ಬಂತು.

ಇನ್ನೊಂದು ಸುತ್ತು ಹೊಡೆದ. ಮತ್ತೆ ಫೋಟೋ. ಸ್ಪೀಕರ್ ಗಟ್ಟಿ ಮಾಡಿ ಮತ್ತೊಂದು ಸುತ್ತು ಹೊಡೆದ. ಮುಂದಿನ ಸಾಲಿನಲ್ಲಿದ್ದ ನನ್ನ ಅತ್ತೆ ಇಂದುಬಾಯಿ ಕನ್ನಡಕ ಸರಿಮಾಡಿಕೊಂಡು, "ಮತ್ತ ಇವರ ಬಂದ್ರಲ್ಲೋ," ಎಂದರು. ಹಿಂದೆ ಯಾರೋ ಕಿಸಕ್ಕೆಂದರು. ನನಗೆ ಎಲ್ಲ ಅರ್ಥವಾಗಿಹೋಯಿತು. ಹಾಡನ್ನು ನಾನು ಮೇಜಿನಿಂದ ಮೇಜಿಗೆ ಅಚ್ಚುಕಟ್ಟಾಗಿ ಕಳಿಸಿದ್ದೆ, ಯಾವ ಮೇಜಿನ ಮೇಲೂ ಇಟ್ಟಿರಲಿಲ್ಲ.

"ಆ ಮಿಶಿನ್ ಬಂದ್ ಮಾಡಪಾ," ಎಂದರು ಅತ್ತೆ. "ಅಳಿಯಾರ ಇಲ್ಲೇ ಕುಂತಾರ. ಒಂದ ಹಾಡ ಅನ್ರಿ ಅಳಿಯಾರ, ಕೇಳೂಣು."

ಕೊಲ್ಹಾಪುರದವನು ಎರಡೂ ಕೈಯಿಂದ ತನ್ನ ಪೇಟಿಯನ್ನು ನನ್ನ ಮುಂದೆ ಸರಿಸಿದ. ಮಳೆಗಾಲದಿಂದ ನಾನು ಕಾದಿದ್ದ ಗಳಿಗೆ ಇದೇ. ಹೊಸ ಮನೆಗೆ ಒಪ್ಪುವಂಥದ್ದೇ ಒಂದು ಸ್ತುತಿ ಆರಿಸಿ, "ಬಾಗಿಲ ತೆರೆದಿಟ್ಟೆ ಜಿನನೆ, ಬೆಳಕಾಗಿ ಬಾ" ಎಂದು ಎತ್ತಿಕೊಂಡೆ. ದನಿ ತುಕ್ಕು ಹಿಡಿದ ಕದದ ಹಾಗೆ ಹೊರಟಿತು. ಅದಾದರೂ ನಡೆಯುತ್ತಿತ್ತು, ಎರಡನೇ ಸಾಲು ಬರಲಿಲ್ಲ. ಮತ್ತೆ ಬಾಗಿಲು ತೆರೆದಿಟ್ಟೆ. ಮೂರನೇ ಸಲ ತೆರೆದಿಟ್ಟಾಗ ಜನ ನಿಜವಾಗಿ ಬಾಗಿಲ ಕಡೆ ನೋಡತೊಡಗಿದರು.

ಅಡುಗೆಮನೆಯ ಬಾಗಿಲಲ್ಲಿ ಹೆಂಗಸರ ನಡುವೆ ನಿಂತಿದ್ದ ತ್ರಿಶಲಾ, ಅಂಗಡಿಯಿಂದ ತರಬೇಕಾದ ಸಾಮಾನು ನೆನಪಿಸುವ ದನಿಯಲ್ಲಿ, "ಹೊಸ್ತಿಲ ತೊಳೆದಿಟ್ಟೆ, ಹೂವಾಗಿ ಬಾ," ಎಂದಳು.

ಅಷ್ಟು ಹಾಡಿದೆ. ಮೂರನೆಯ ಸಾಲೂ ಮರೆತುಹೋಗಿತ್ತು, ಅದನ್ನೂ ಅವಳೇ ಹೇಳಿದಳು. ಬೆರಳು ಒಂದು ಕಡೆ, ಗಂಟಲು ಒಂದು ಕಡೆ. ಕೈ ಮುಗಿದು ಎದ್ದೆ. ಬೀಗರಾದ್ದರಿಂದ ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಕೊಲ್ಹಾಪುರದವನು ಹಾಡಿದ. ಚೆನ್ನಾಗಿಯೇ ಹಾಡಿದ. ಚೆನ್ನಾಗಿಲ್ಲದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಇಷ್ಟಕ್ಕೇ ಮುಗಿಯಲಿಲ್ಲ. ಹೊರಡುವಾಗ ಆಬಾಸಾಹೇಬ ನನ್ನನ್ನು ಪಕ್ಕಕ್ಕೆ ಕರೆದ. ಹಾಡಿನ ವಿಷಯ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆದರೆ ಆ ಸುತ್ತುವ ವ್ಯವಸ್ಥೆ ಅವನ ಮನಸ್ಸಿಗೆ ಬಹಳ ನಾಟಿತ್ತು. ಕೊಲ್ಹಾಪುರದವನ ಹಾಡನ್ನು ಯಾರೋ ಅಭಿಮಾನಿ ಇಂಟರ್‌ನೆಟ್‌ಗೆ ಹಾಕಿದ್ದರಂತೆ, ಅವನಿಗೆ ಸ್ವಂತದ್ದೆಂದು ಒಂದು ಪುಟವೂ ಇರಲಿಲ್ಲವಂತೆ. "ಅಂವಗೂ ಹಂಗ ಲಿಂಕ್ ಮಾಡಿ ಕೊಡ್ರಿ ದಾಜೀ. ನಿಮ್ಮಂಗ ಮಾಡಾವರ ಈ ಕಡೆ ಯಾರೂ ಇಲ್ಲ," ಎಂದ. ಗಾಯಕ ನನ್ನ ಕೈ ಹಿಡಿದುಕೊಂಡ. ಒಪ್ಪಿಕೊಂಡೆ.

ಹೀಗೆ ನಾನು ಇನ್ನಷ್ಟು ಮುಂಜಾನೆಗಳನ್ನು ಹಣಮಂತರ ಅಂಗಡಿಯಲ್ಲಿ ಕಳೆದು ಕೊಲ್ಹಾಪುರದವನಿಗೆ ಎಲ್ಲ ಮಾಡಿಕೊಟ್ಟೆ. ಅವನ ಲಿಂಕ್ ಒತ್ತಿದರೆ ಹಾಡು ಬರುತ್ತಿತ್ತು. ಅವನ ಮೀಟರು ನಾನು ಮನೆಯಲ್ಲಿ ಮಲಗಿದ್ದಾಗಲೂ ಏರುತ್ತಿತ್ತು. ಕಲ್ಲೋಳಿಯಿಂದ ಒಬ್ಬರು, ಅರಭಾವಿಯಿಂದ ಒಬ್ಬರು ನನ್ನನ್ನು ಹುಡುಕಿಕೊಂಡು ಬಂದು, ತಮ್ಮ ಭಜನಾ ಮೇಳಕ್ಕೂ ಲಿಂಕ್ ಹಾಕಿಕೊಡಬೇಕೆಂದರು. ನೀವೂ ಹಾಡುತ್ತೀರಾ ಎಂದು ಇಬ್ಬರೂ ಕೇಳಲಿಲ್ಲ. ನನಗೆ ಸಾಕಾಗಿಹೋಗಿತ್ತು.

ಒಂದು ಬೆಳಿಗ್ಗೆ ಎಲ್ಲಿಗೂ ಹೋಗದೆ ಪಡಸಾಲೆಯಲ್ಲಿ ಕೂತೆ. ಒಳಗಿಂದ ಅದೇ ಸೀದ ವಾಸನೆ ಬಂತು. ಇಷ್ಟು ದಿನ ನುಂಗಿದ್ದು ಹೊರಗೆ ಬಂದೇಬಿಟ್ಟಿತು. ಸೋತವನ ಮೇಲೂ ಇನ್ನೆಷ್ಟು ದಿನ ಸಿಟ್ಟು ಎಂದು ಕೇಳಿದೆ.

ತ್ರಿಶಲಾ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. "ಸಿಟ್ಟ ಯಾಕ ಮಾಡ್ಲಿ? ನೀವು ಪೇಟಿ ಮುಂದ ಕುಂತಾಗ ನಾ ಬ್ಯಾಳಿ ಒಲಿ ಮ್ಯಾಲ ಇಡ್ತಿದ್ದೆ. ಮೂರನೇ ಹಾಡ ಮುಗೀತಂದ್ರ ಇಳಸ್ತಿದ್ದೆ. ಈಗ ನೀವು ಹಾಡೂದ ಬಿಟ್ಟೀರಿ. ರೊಟ್ಟಿ ಬಡಿಯೂದ ಬಿಟ್ಟ ಹಿಟ್ಟಿನ ಕೈಲೆ ಗಡಿಯಾರ ನೋಡಾಕ ಬರ್ಲ್ಯಾ ನಾನು?"

ಇಷ್ಟು ವರ್ಷ, ಒಂದು ಮುಂಜಾನೆಯೂ ತಪ್ಪದೆ, ಒಂದು ಸಾಲೂ ಬಿಡದೆ ನನ್ನನ್ನು ಕೇಳಿದವಳೊಬ್ಬಳು ಮನೆಯೊಳಗೇ ಇದ್ದಳು. ಯಾವ ಮೀಟರಿನಲ್ಲೂ ಅವಳ ಲೆಕ್ಕ ಬಂದಿರಲಿಲ್ಲ. ಹಾರ್ಮೋನಿಯಂ ಮೇಲೆ ಪೇರಿಸಿದ್ದ ಕೌದಿಗಳನ್ನು ಇಳಿಸಿ, ಧೂಳು ಒರೆಸಿ, ಕೂತೆ. ಮೊದಲ ಹಾಡು ತೊದಲುತ್ತ ಮುಗಿಯಿತು. ಎರಡನೆಯದಕ್ಕೆ ದನಿ ತೆರೆಯಿತು. ಇವತ್ತು ಬಸ್ಸು ತಪ್ಪಿದರೂ ಸರಿ, ಐದಾದರೂ ಹಾಡಿಯೇ ಏಳುವುದೆಂದು ಕಣ್ಣು ಮುಚ್ಚಿದೆ.

ಒಳಗಿಂದ ಅವಳ ದನಿ ಬಂತು. "ರೀ, ಎರಡಕ್ಕ ಸಾಕ ಮಾಡ್ರಿ. ಇವತ್ತ ಹೆಸರಬ್ಯಾಳಿ ಐತಿ, ಲಗೂ ಬೇಯ್ತೈತಿ."