ಸುಣ್ಣ ಹಚ್ಚಿದ ನಿಸರ್ಗದ ಬಗ್ಗೆ ಸಮಿತಿಗೊಂದು ಮನವಿ

ಬಸವಕಲ್ಯಾಣ
೧೧ ಅಕ್ಟೋಬರ್ ೨೦೦೪

ಮಾನ್ಯ ಅಧ್ಯಕ್ಷರಿಗೆ,
ಯುವಜನರ ಹೊರಾಂಗಣ ವಿಹಾರ ಮತ್ತು ನಿಸರ್ಗ ಶಿಕ್ಷಣ ಅನುದಾನ ಸಮಿತಿ,
ಹುಮನಾಬಾದ.

ಮಾನ್ಯರೇ,

ಮೊದಲಿಗೆ ತಮಗೂ, ತಮ್ಮ ಕುರ್ಚಿಗೂ, ಕುರ್ಚಿಯ ಬೆನ್ನಿಗೆ ಹೊದಿಸಿದ ಬಿಳಿ ಟವೆಲಿಗೂ, ಹೊರಗಿನ ಗಿಡಮರಗಳು ತಮ್ಮ ಕಣ್ಣಿಗೆ ಬಿದ್ದು ಕೆಲಸ ಕೆಡದಿರಲೆಂದು ವರ್ಷವಿಡೀ ಇಳಿಬಿಟ್ಟಿರುವ ಹಸಿರು ಪರದೆಗೂ ನನ್ನ ಭಕ್ತಿಪೂರ್ವಕ ನಮಸ್ಕಾರಗಳು. ಹೊರಾಂಗಣದ ಹೆಸರಿನ ಸಮಿತಿಯೊಂದು ಇಷ್ಟು ಅಚ್ಚುಕಟ್ಟಾಗಿ ಒಳಾಂಗಣದಲ್ಲೇ ನೆಲೆಸಿರುವುದನ್ನು ಕಂಡು, ತಮ್ಮ ಕಚೇರಿಗೆ ಬಂದ ಮೂರು ಸಲವೂ ನಾನು ಮೂಕಳಾಗಿದ್ದೇನೆ. ಮೂರು ಸಲವೂ ತಾವು ಮೀಟಿಂಗಿನಲ್ಲಿದ್ದಿರಿ, ಆದ್ದರಿಂದ ನನ್ನ ಮೌನದಿಂದ ತಮಗೆ ತೊಂದರೆಯೇನೂ ಆಗಲಿಲ್ಲ.

ನಮ್ಮ ಅರ್ಜಿಯನ್ನು ತಿರಸ್ಕರಿಸಿ ತಾವು ಕಳುಹಿಸಿದ ಪತ್ರ ಕಳೆದ ತಿಂಗಳು ತಲುಪಿತು. ನಾವು ಕೇಳಿದ್ದು ದೊಡ್ಡದೇನಲ್ಲ. ನಾನು ಪಾಠ ಹೇಳುವ ಘಾಟಬೋರಾಳ ಶಾಲೆಯ ಹದಿನೇಳು ಹುಡುಗಿಯರು ದಸರೆ ರಜೆಯಲ್ಲಿ ನಾಲ್ಕು ದಿನ ಹುಲ್ಲು, ಹಕ್ಕಿ, ಹಳ್ಳಗಳನ್ನು ನೋಡಿ ತಿಳಿಯುತ್ತ ಬಸವಕಲ್ಯಾಣದ ತ್ರಿಪುರಾಂತ ಕೆರೆಯವರೆಗೆ ನಡೆದು ಬರಲು ಊಟ-ವಸತಿಯ ವೆಚ್ಚ, ಮತ್ತು ತಮ್ಮ ಮೊಹರು ಬಿದ್ದ ಒಂದು ಕಾಗದ. ನಿಸರ್ಗದ ಮೇಲೆ ಎಲ್ಲರಿಗೂ ಸಮಾನ ಹಕ್ಕಿದೆ ಎಂದು ಬಸ್ ನಿಲ್ದಾಣದಲ್ಲಿ ಎರಡು ರೂಪಾಯಿಗೆ ಸಿಗುವ ಕಿರುಹೊತ್ತಿಗೆಯೊಂದರಲ್ಲಿ ಓದಿ, ಅದನ್ನು ನಿಜವೆಂದು ನಂಬಿದ್ದು ನನ್ನ ಮೊದಲ ಅಪರಾಧ.

ವೆಚ್ಚಕ್ಕಿಂತ ಕಾಗದವೇ ನಮಗೆ ಮುಖ್ಯವಾಗಿತ್ತು. ಕಳೆ ಕೀಳಲು ದಿನಾ ಮೂರು ಹರದಾರಿ ನಡೆದರೆ ಯಾರೂ ಏನೂ ಅನ್ನದ ಹುಡುಗಿ, ಹಕ್ಕಿ ನೋಡಲು ನಡೆದಳೆಂದರೆ ಊರಿನ ಕಣ್ಣೆಲ್ಲ ಅವಳ ಮೇಲೆ. ನಮ್ಮ ತಂಡದ ನಾಯಕಿ ಒಂಬತ್ತನೆಯ ತರಗತಿಯ ವಿಶಾಖಾ. ಅವಳ ತಾಯಿ ಕಮಳಾಬಾಯಿ ಕೂಲಿಗೆ ಹೋಗುವವರು. “ಸರಕಾರದ ಕಾಗದ ತಂದು ತೋರಸ್ರಿ ಅಕ್ಕೋರ, ಕಳಸ್ತೀನಿ. ಗುಡ್ಡದಾಗ ಯಾರರ ಅಡ್ಡ ಬಂದ್ರ ಇಕಿ ಏನ್ ಮಾಡ್ಯಾಳು? ಇಕಿ ಬಾಯಾಗ ಮಾತರ ಎಲ್ಲದ?” ಎಂದು ಅವರು ಖಡಾಖಂಡಿತವಾಗಿ ಹೇಳಿದ್ದರು. ತಾಯಿ ಒಪ್ಪದೆ ವಿಶಾಖಾ ಹೊರಡುವಂತಿಲ್ಲ, ವಿಶಾಖಾ ಹೊರಡದೆ ಉಳಿದ ಹದಿನಾರು ಮನೆಗಳಲ್ಲಿ ಮಾತೆತ್ತುವಂತಿಲ್ಲ.

ಹೀಗಿರುವಾಗ ಜುಲೈನಲ್ಲಿ ತಮ್ಮ ಪರಿಶೀಲನಾಧಿಕಾರಿಗಳು ಬರುತ್ತಾರೆಂದು ಸುದ್ದಿ ಬಂತು. ಹುಡುಗಿಯರು ಅಭ್ಯಾಸ ಮಾಡುವ ಜಾಗವೆಂದರೆ ಊರ ಹೊರಗಿನ ಗಾಯರಾಣ, ದನ ಮೇಯುವ ಸರಕಾರಿ ಹುಲ್ಲುಗಾವಲು. ಮೊದಲ ಮಳೆಗೆ ಅಲ್ಲಿ ಮೊಳಕಾಲುದ್ದ ಹುಲ್ಲು, ತಂಗಡಿಯ ಹಳದಿ ಹೂವು, ಬಾರಿ ಗಿಡದ ಪೊದೆ ತುಂಬಿದ್ದವು. ಆದರೆ ನಮ್ಮ ಕಡೆ ಸಾಹೇಬರು ಬರುತ್ತಾರೆಂದರೆ, ಅವರು ಜನಗಣತಿಯವರಿರಲಿ, ದನದ ಡಾಕ್ಟರಿರಲಿ, ಊರು ಮಾಡುವ ಮರ್ಯಾದೆ ಒಂದೇ. ಪಂಚಾಯಿತಿ ಸದಸ್ಯರಾದ ಗುರುನಾಥರು ಗಾಯರಾಣವನ್ನು ನೋಡಿ ಹೌಹಾರಿದರು. “ಏನ್ರಿ ಅಕ್ಕೋರ ಇದು! ದಾಡಿ ತೆಗೀದ ಮದುಮಗನಂಗ ನಿಂತದಲ್ಲ ಜಾಗಾ!” ಎಂದವರೇ ಇಪ್ಪತ್ತು ಕುಡುಗೋಲು ಕರೆಸಿದರು. ನಾನು ಆ ಸಂಜೆ ಬಸವಕಲ್ಯಾಣದ ನನ್ನ ಮನೆಗೆ ಹೋಗಿದ್ದವಳು ಮರುದಿನ ಮೊದಲ ಬಸ್ಸಿಗೆ ಬಂದಿಳಿಯುವಷ್ಟರಲ್ಲಿ ಹುಲ್ಲು ಹೋಗಿ, ಪೊದೆ ಹೋಗಿ, ನೆಲ ಗುಡಿಸಿ, ನೀರು ಚಿಮುಕಿಸಿ, ಶಾಮಿಯಾನಾ ಎಬ್ಬಿಸಿದ್ದರು. ಉಳಿದಿದ್ದು ಟಿಟ್ಟಿಭ ಹಕ್ಕಿಯ ನಾಲ್ಕು ತತ್ತಿ ಮಾತ್ರ. ಬರಿ ನೆಲದ ಮೇಲಿದ್ದ ಅವುಗಳ ಸುತ್ತ ವಿಶಾಖಾ ಕಲ್ಲು ಜೋಡಿಸಿ ಕಾವಲು ನಿಂತಿದ್ದಳು. ಅವಳ ಮಾತಿಗೆ ಬೆಲೆ ಕೊಟ್ಟ ಗುರುನಾಥರು ಆ ಕಲ್ಲುಗಳಿಗೂ ಸುಣ್ಣ ಹಚ್ಚಿಸಿದ್ದರು.

ಅಧಿಕಾರಿಗಳು ಬಂದರು, ಚಹಾ ಕುಡಿದರು, ಬಿಳಿ ಕಲ್ಲುಗಳ ಬಳಿಗೆ ನಡೆದರು. ತಾಯಿಯ ಲೆಕ್ಕದಲ್ಲಿ ಮಾತೇ ಬಾರದ ಹುಡುಗಿ ಅಡ್ಡ ಬಂದು, “ಸಾಹೇಬ್ರ, ಜರಾ ಹಿಂದಕ ಸರೀರಿ. ತತ್ತಿ ಅದಾವ” ಎಂದಳು. “ಇಲ್ಲಿ ಗೂಡು ಕಟ್ಟಾಕ ಪರವಾನಗಿ ಯಾರು ಕೊಟ್ಟಾರ?” ಎಂದು ಅವರು ಗದರಿದರು. “ಹಕ್ಕಿ ಕೇಳಿಲ್ರಿ,” ಎಂದಳು. ಶಾಮಿಯಾನಾದ ಕೆಳಗೆ ನಕ್ಕವರು ಬಹಳ ಮಂದಿ. ಅವರ ಪರವಾಗಿ ಈ ಮೂಲಕ ಕ್ಷಮೆ ಕೇಳುತ್ತೇನೆ.

ತಮ್ಮ ಪತ್ರದಲ್ಲಿ ಕೊಟ್ಟ ಮೂರು ಕಾರಣಗಳನ್ನು ಎಷ್ಟು ಹೊಗಳಿದರೂ ಸಾಲದು. ಒಂದು, ಸ್ಥಳದಲ್ಲಿ ಶಾಮಿಯಾನಾ ಹೊರತುಪಡಿಸಿ ಗಮನಾರ್ಹ ನಿಸರ್ಗ ಕಂಡುಬಂದಿಲ್ಲ. ಇದು ಸತ್ಯ, ನಾವೇ ಕೊಯ್ದು ಹಾಕಿದ್ದೆವು. ಎರಡು, ಸುಣ್ಣ ಹಚ್ಚಿದ ಗಡಿಕಲ್ಲುಗಳಿಂದ ಜಾಗ ಅತಿಕ್ರಮಣವಾದಂತೆ ತೋರುತ್ತದೆ. ಟಿಟ್ಟಿಭಕ್ಕೆ ನೋಟಿಸು ಕಳುಹಿಸುವುದಾದರೆ ತಲುಪಿಸುವ ಹೊಣೆ ನನ್ನದು. ಮೂರು, “ತಂಡದ ನಾಯಕಿ ಕುಮಾರಿ ವಿಶಾಖಾ, ತಂದೆ ದಿಗಂಬರ, ಇವರು ಪರಿಶೀಲನಾಧಿಕಾರಿಗಳನ್ನು ಎಲ್ಲರೆದುರು ತಡೆದು ನಿಲ್ಲಿಸಿರುತ್ತಾರೆ.”

ಇದೇ ರೀತಿ ಮುಂದುವರಿದು, ತಾವು ಮಳೆಗೂ ಅರ್ಜಿ ನಮೂನೆ ಹೊರಡಿಸಬೇಕೆಂದೂ, ತಪಾಸಣೆಯ ದಿನ ಹಕ್ಕಿಗಳು ಗುರುತಿನ ಚೀಟಿಯೊಂದಿಗೆ ಹಾಜರಿರುವಂತೆ ಸುತ್ತೋಲೆ ಕಳುಹಿಸಬೇಕೆಂದೂ, ಇವೆರಡೂ ಆಗದಿದ್ದರೆ ಒಂದೇ ಒಂದು ದಿನ ಆ ಹಸಿರು ಪರದೆಯನ್ನು ಸರಿಸಬೇಕೆಂದೂ ಕೋರುತ್ತೇನೆ. ಮೂರನೆಯದೇ ಅಸಾಧ್ಯವೆಂದು ನನಗೆ ಗೊತ್ತಿದೆ.

ತಮ್ಮ ಆ ಪತ್ರವನ್ನು ಕಮಳಾಬಾಯಿಯವರಿಂದ ಮುಚ್ಚಿಡೋಣವೆಂದು ನಾನು ಹೇಳಿದೆ, ಅದು ನನ್ನ ಎರಡನೆಯ ಅಪರಾಧ. ವಿಶಾಖಾ ಒಪ್ಪಲಿಲ್ಲ. ಅಂಗಳದಲ್ಲಿ ನಿಂತು ಒಂದಕ್ಷರ ಬಿಡದೆ ತಾಯಿಗೆ ಓದಿ ಹೇಳಿದಳು. ಅವರು ಜೋಳ ಹಸನು ಮಾಡುವುದನ್ನು ನಿಲ್ಲಿಸಿ, ಮೂರನೆಯದನ್ನು ಇನ್ನೊಮ್ಮೆ ಓದಿಸಿದರು. ಆಮೇಲೆ ಮೊರ ಕೆಳಗಿಟ್ಟು ನನ್ನನ್ನು ನೋಡಿ, “ಸಾಹೇಬನ್ನ ತಡದು ನಿಂದರಸ್ಯಾಳಂತ ಸರಕಾರನ ಬರದು ಕೊಟ್ಟದ. ಇನ್ನ ಗುಡ್ಡದಾಗ ಇಕಿಗಿ ಅಡ್ಡ ಬರಾವ ಯಾಂವ ಅದಾನ? ಹೋಗಲಿ ತಗೋರಿ,” ಎಂದರು.

ಕಟ್ಟಿದ ಬುತ್ತಿಯೊಂದಿಗೆ ಶನಿವಾರ ಹೊರಡುತ್ತೇವೆ. ಸದ್ಯಕ್ಕೆ ನಾವಿಬ್ಬರೇ.

ತಿರಸ್ಕೃತಳಾದರೂ ತಮ್ಮ ವಿಶ್ವಾಸಿ,
ಭುವನೇಶ್ವರಿ

ತಾ.ಕ.: ಉಳಿದ ಹದಿನಾರು ತಾಯಂದಿರೂ ಅಂಥದೇ ಕಾಗದ ಕೇಳುತ್ತಿದ್ದಾರೆ. ಹುಡುಗಿಯರ ಹೆಸರಿನ ಪಟ್ಟಿಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ದಯವಿಟ್ಟು ತಮ್ಮ ಅಧಿಕಾರಿಗಳನ್ನು ಇನ್ನೂ ಹದಿನಾರು ಸಲ ಕಳುಹಿಸಿಕೊಡಿ. ಒಬ್ಬೊಬ್ಬಳೂ ಸರದಿಯಂತೆ ಅಡ್ಡ ನಿಲ್ಲುತ್ತಾಳೆ.