ಆಡು ತಂದ ಶಾಂತಿ

ಆ ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಹಿಲ್ಡಿಂಗನ ಆಡು ಆಲ್ಗೋಟನ ಟೋಪಿಯನ್ನು ತಿಂದುಹಾಕಿತು.

ಸ್ವೀಡನ್ನಿನ ಆ ಬೀದಿಯವರೆಲ್ಲ ಡೈನಮೈಟ್ ಕಾರ್ಖಾನೆಯ ಕೆಲಸಗಾರರು. ದಿನವೂ ಮೂಗಿಗೆ ಒಗ್ಗಿಹೋದ ಸಿಡಿಮದ್ದಿನ ವಾಸನೆ ರಜೆಯ ದಿನ ತಪ್ಪಿದರೆ ಸೋಮವಾರ ತಲೆನೋವು ಖಂಡಿತ. ಅದಕ್ಕೇ ಚಿಟಿಕೆ ಮದ್ದನ್ನು ಟೋಪಿಯ ಪಟ್ಟಿಯೊಳಗೆ ಕದ್ದು ತರುತ್ತಿದ್ದರು. ಸಿಕ್ಕಿಬಿದ್ದರೆ ಕೆಲಸ ಹೋಯಿತು. ಆಲ್ಗೋಟ ತನ್ನ ತಲೆ ದೊಡ್ಡದೆಂದು ಮೂರು ಚಿಟಿಕೆ ತಂದಿದ್ದ.

"ಈ ದರಿದ್ರ ಆಡಿಗೆ ಇವತ್ತು..." ಎಂದು ಹೆಂಡತಿ ಹುಲ್ದಾ ಪೊರಕೆ ಎತ್ತಿದಳು.

"ಹೊಡೀಬೇಡ ಕಣೇ! ಅದರ ಹೊಟ್ಟೇಲಿ ಮದ್ದಿದೆ!"

ಹುಲ್ದಾ ಪೊರಕೆಯನ್ನು ಮಲಗಿದ ಕೂಸಿನಂತೆ ಮೆಲ್ಲಗೆ ಕೆಳಗಿಟ್ಟಳು.

ಅಂದು ಸಂಜೆಯೇ ಬೀದಿಯ ಶಾಂತಿ ಕಾಯ್ದವರಿಗೆ ಮೊಟ್ಟಮೊದಲ ಶಾಂತಿ ಬಹುಮಾನ. ಮದ್ದು ಮಾರಿ ಸಿರಿವಂತನಾದ ಕಾರ್ಖಾನೆಯ ಯಜಮಾನನಿಗೆ ವಯಸ್ಸಾದ ಮೇಲೆ ಶಾಂತಿಯ ಮೇಲೆ ಪ್ರೀತಿ ಹುಟ್ಟಿತ್ತು. ಬಹುಮಾನವೆಂದರೆ ಮೆತ್ತೆ ಹಾಕಿದ, ನಾಲ್ಕು ಕಾಲಿನ ಆರಾಮಕುರ್ಚಿ. ಮದ್ದಿನ ಕೊಪ್ಪರಿಗೆ ಕಾಯುವವನು ತೂಕಡಿಸಬಾರದೆಂದು ಕಾರ್ಖಾನೆಯವರು ಆಲ್ಗೋಟನನ್ನು ಹತ್ತೊಂಬತ್ತು ವರ್ಷ ಒಂಟಿಕಾಲಿನ ಸ್ಟೂಲಿನ ಮೇಲೆ ಕೂರಿಸಿದ್ದರು. ಅವನ ಸೊಂಟಕ್ಕೆ ಆ ಕುರ್ಚಿ ಬೇಕೇ ಬೇಕಿತ್ತು. ಬೀದಿಯಲ್ಲಿ ಜಗಳವಾಡದವನೆಂದರೆ ಅವನೊಬ್ಬನೇ.

ಅಷ್ಟರಲ್ಲಿ ಆಡು ಬೀದಿಗಿಳಿದಿತ್ತು, ಸುದ್ದಿ ಅದಕ್ಕಿಂತ ಮುಂದೆ ಓಡಿತ್ತು. ನೀರಿನ ಪಂಪಿನ ಬಳಿ ಜುಟ್ಟು ಹಿಡಿದುಕೊಂಡಿದ್ದ ಇಬ್ಬರು ಹೆಂಗಸರು ಆಡನ್ನು ಕಂಡು, "ನೀನೇ ಮೊದಲು ನೀರು ಹಿಡಿಯಮ್ಮಾ" ಎಂದು ಒಬ್ಬರಿಗೊಬ್ಬರು ದಾರಿ ಬಿಟ್ಟರು. ಬಾಗಿಲುಗಳು ಸದ್ದಿಲ್ಲದೆ ಮುಚ್ಚಿಕೊಂಡವು. ಆಡು ಕಂಬಕ್ಕೆ ಕೊಂಬು ತಿಕ್ಕಿದಾಗ ಬೀದಿಗೆ ಬೀದಿಯೇ ಹೆದರಿ ನೆಲಕ್ಕೆ ಬೋರಲು ಬಿತ್ತು.

ಆಲ್ಗೋಟ ಹುಲ್ಲು ಹಿಡಿದು ಅದರ ಹಿಂದೆಯೇ ಸುತ್ತಿದ. "ಬಾರೇ ನನ್ನ ತಾಯಿ, ಹಾರಬೇಡ, ನಿನ್ನ ದಮ್ಮಯ್ಯ."

"ಅದು ಕೆಮ್ಮಿದ್ರೆ ಏನೋ ಗತಿ?" ಎಂದು ಹಿಲ್ಡಿಂಗ ಗೋಡೆಯ ಮರೆಯಿಂದ ಪಿಸುಗುಟ್ಟಿದ.

ಸಂಜೆ ಪಾದ್ರಿಗಳು ಕುರ್ಚಿ ಹೊರಿಸಿಕೊಂಡು ಬಂದರು. ಜೊತೆಗೆ ಕಾರ್ಖಾನೆಯ ಮ್ಯಾನೇಜರ್ ಬೇರೆ.

"ಇಪ್ಪತ್ತು ವರ್ಷದಿಂದ ಈ ಬೀದೀಲಿ ಒಂದು ದಿನಾನೂ ಜಗಳ ತಪ್ಪಿರಲಿಲ್ಲ. ಇವತ್ತು ಯಾರ ಪುಣ್ಯ ಇದು?" ಎಂದು ಪಾದ್ರಿಗಳು ಕೇಳಿದರು.

ಮಾತಾಡಲು ಹೆದರಿ ಎಲ್ಲರೂ ಆಡಿನತ್ತ ಬೆರಳು ತೋರಿದರು.

"ಹಾಗಾದ್ರೆ ಆಡು ಸಾಕಿದವನಿಗೇ ಬಹುಮಾನ!"

'ನನ್ನ ಟೋಪಿಯ ಪುಣ್ಯ ಸ್ವಾಮಿ' ಎನ್ನಲು ಆಲ್ಗೋಟ ಬಾಯಿ ತೆರೆದ. ಮ್ಯಾನೇಜರ್ ಅವನನ್ನೇ ನೋಡುತ್ತಿದ್ದ. ಆಲ್ಗೋಟ ತೆರೆದ ಬಾಯಿಂದ ಒಂದು ಆಕಳಿಕೆ ತೆಗೆದು ಮುಚ್ಚಿದ.

ಸೋಮವಾರ ಟೋಪಿಯಿಲ್ಲದ ಆಲ್ಗೋಟ ಸಿಡಿಯುವ ತಲೆ ಹೊತ್ತು ಕೆಲಸಕ್ಕೆ ಹೊರಟ. ಜಗಲಿಯ ಮೇಲೆ ರಾತ್ರಿ ಪಾಳಿಯ ಹಿಲ್ಡಿಂಗ ಆರಾಮಕುರ್ಚಿಯಲ್ಲಿ ಒರಗಿದ್ದ, ಆಡು ಪಕ್ಕದಲ್ಲೇ ಮೆಲುಕು ಹಾಕುತ್ತಿತ್ತು.

"ಆಲ್ಗೋಟಣ್ಣಾ, ಇನ್ನೊಂದು ಟೋಪಿ ಇದೆಯಾ?" ಎಂದು ಹಿಲ್ಡಿಂಗ ಕೂಗಿದ. "ಮುಂದಿನ ವರ್ಷದ ಬಹುಮಾನ ಕಾಲಿಡೋ ಮಣೆಯಂತೆ."